ಊರಿನ ಲೆಕ್ಕ ತೆರೆದಿರಲಿ, ಮನೆಯ ವಿವರ ಮುಚ್ಚಿರಲಿ

ಸರಕಾರದ ಬಳಿ ನಮ್ಮ ಕುರಿತು ಇರುವ ಮಾಹಿತಿಯನ್ನು ಯಾರು ಇಟ್ಟುಕೊಳ್ಳಬೇಕು, ಯಾರಿಗೆ ತೋರಿಸಬೇಕು, ಯಾವ ಕೆಲಸಕ್ಕೆ ಬಳಸಬೇಕು, ಎಷ್ಟು ಕಾಲ ಉಳಿಸಬೇಕು ಎಂಬ ಪ್ರಶ್ನೆಗಳೆಲ್ಲ ಸೇರಿದರೆ ದತ್ತಾಂಶದ ಆಡಳಿತ ಎಂಬ ವಿಷಯವಾಗುತ್ತದೆ. ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದ ಮೇಲೆ ಈ ವಿಷಯದ ಸಂಶೋಧನ ಪ್ರಬಂಧಗಳನ್ನೂ ಕಾನೂನುಗಳನ್ನೂ ನ್ಯಾಯಾಲಯದ ಆದೇಶಗಳನ್ನೂ ಒಂದೊಂದಾಗಿ ಓದುತ್ತ ಬಂದಿದ್ದೇನೆ. ಓದಿದ್ದರಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಅವುಗಳಲ್ಲಿನ ಉದಾಹರಣೆಗಳು ದೂರದ ದೇಶಗಳವು. ಆದರೆ ಓದುವಾಗೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬದಿಯಡ್ಕ, ಮಂಜೇಶ್ವರ. ಆ ಬರಹಗಳಲ್ಲಿ ನಮಗೆ ಬೇಕಾದುದನ್ನು ಆರಿಸಿ, ನಮ್ಮ ಜಿಲ್ಲೆಯ ಅನುಭವದೊಂದಿಗೆ ಇಟ್ಟು ಕನ್ನಡದಲ್ಲಿ ಹೇಳುವವರು ಯಾರಾದರೂ ಬೇಕೆಂದು ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಊರಿಗೆ ಸಂಬಂಧಿಸಿದ ಲೆಕ್ಕ ಎಲ್ಲರಿಗೂ ಸಿಗುವಂತಿರಬೇಕು. ಒಬ್ಬೊಬ್ಬ ಮನುಷ್ಯನಿಗೆ ಸಂಬಂಧಿಸಿದ ವಿವರ ಅದರ ಅಗತ್ಯವಿರುವ ಅಧಿಕಾರಿಗೆ ಮಾತ್ರ, ಅಗತ್ಯವಿರುವಷ್ಟೇ ಸಿಗಬೇಕು. ನಮ್ಮಲ್ಲಿ ಇದು ಹಲವು ಕಡೆ ತಲೆಕೆಳಗಾಗಿದೆ. ಒಂದು ಪಂಚಾಯತಿನಲ್ಲಿ ಎಷ್ಟು ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ, ಹತ್ತು ವರ್ಷಗಳಲ್ಲಿ ಆ ಸಂಖ್ಯೆ ಏರಿತೇ ಇಳಿಯಿತೇ ಎಂದು ತಿಳಿಯಬೇಕಾದರೆ ಅರ್ಜಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಆದರೆ ಅದೇ ಪಂಚಾಯತಿನ ಯಾವ ಮನೆಯ ಮಗುವಿಗೆ ಯಾವ ಕಾಯಿಲೆ, ಅದರ ತಾಯಿಯ ಫೋನ್ ನಂಬರು ಏನು ಎಂಬುದು ಮೊಬೈಲಿನಿಂದ ಮೊಬೈಲಿಗೆ ಸಲೀಸಾಗಿ ಹರಿದಾಡುತ್ತದೆ.

ಗಡಿನಾಡಿನವರಿಗೆ ಸಂಖ್ಯೆಯ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ದಿನದಿಂದ ಇಂದಿನವರೆಗೆ ನಮ್ಮ ಹಕ್ಕುಗಳಲ್ಲಿ ಬಹಳಷ್ಟು ಒಂದಲ್ಲ ಒಂದು ಎಣಿಕೆಯ ಮೇಲೆ ನಿಂತಿವೆ. ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂಬ ಮಾತು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದಲೇ ನಡೆದು ಬಂದಿದೆ. ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇಕಡಾ 15ರಷ್ಟು ಮಂದಿ ಆಡುವ ಭಾಷೆಯಲ್ಲಿ ಮುಖ್ಯ ಸರಕಾರಿ ಪ್ರಕಟಣೆಗಳು ಹೊರಬರಬೇಕೆಂಬುದು ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಇನ್ನೊಂದು ಮಾನದಂಡ. ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ, ಆ ವರ್ಷ ಎಷ್ಟು ಡಿವಿಜನ್, ಎಷ್ಟು ಅಧ್ಯಾಪಕ ಹುದ್ದೆ ಎಂಬುದು ಆ ಲೆಕ್ಕದಿಂದ ನಿರ್ಧಾರವಾಗುತ್ತದೆ. ಮಳೆ ಸುರಿಯುತ್ತಿರುವ ಆ ದಿನ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ಬಿಡಿಸಿಟ್ಟುಕೊಂಡು ಬಾಗಿಲ ಕಡೆಗೆ ನೋಡುತ್ತ ಕುಳಿತಿರುವುದನ್ನು ಕಂಡವರಿಗೆ ಅಂಕಿ ಎಂದರೆ ಒಣ ವಿಷಯ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ತೋಡು ತುಂಬಿ ದಾಟಲಾಗದೆ ಒಂದು ಮಗು ಬಾರದೆ ಉಳಿದರೆ ಒಬ್ಬ ಅಧ್ಯಾಪಕರ ಹುದ್ದೆ ತೂಗಾಡುತ್ತದೆ.

ಹೀಗಿರುವಾಗ ಯಾವ ಪ್ರಶ್ನೆಗೆ ಯಾವ ಲೆಕ್ಕವನ್ನು ಬಳಸುತ್ತಾರೆ ಎಂಬುದು ಬಹಳ ಮುಖ್ಯ. ಜನಗಣತಿಯ ಪ್ರಕಾರ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರ ಪ್ರಮಾಣ ಶೇಕಡಾ ಒಂದಂಕಿಯಲ್ಲಿದೆ. ಈ ಅಂಕಿಯನ್ನು ಮುಂದಿಟ್ಟು, ಇಷ್ಟೇ ಜನರಿಗಾಗಿ ಕನ್ನಡ ಅರ್ಜಿ ನಮೂನೆ ಏಕೆ, ಕನ್ನಡ ಬಲ್ಲ ಗುಮಾಸ್ತ ಏಕೆ ಎಂದು ಕೇಳುವವರನ್ನು ನಾನು ಕಂಡಿದ್ದೇನೆ. ಆದರೆ ಜನಗಣತಿ ಕೇಳಿದ್ದು ಮಾತೃಭಾಷೆಯನ್ನು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡುವ ಎಷ್ಟೋ ಕುಟುಂಬಗಳು ಇಲ್ಲಿ ಓದು ಬರಹಕ್ಕೆ, ಪೂಜೆ ಪುನಸ್ಕಾರಕ್ಕೆ, ಯಕ್ಷಗಾನಕ್ಕೆ, ಪತ್ರಿಕೆಗೆ ಕನ್ನಡವನ್ನೇ ಹಿಡಿದುಕೊಂಡು ತಲೆಮಾರುಗಳೇ ಕಳೆದಿವೆ. ನನ್ನ ತರಗತಿಯಲ್ಲಿ ಕನ್ನಡದಲ್ಲಿ ಗುಣಾಕಾರ ಕಲಿತ ಮಕ್ಕಳಲ್ಲಿ ಬಹಳ ಮಂದಿ ಬಿಡುವಿನ ವೇಳೆ ಅಂಗಳದಲ್ಲಿ ತುಳುವಿನಲ್ಲೇ ಜಗಳವಾಡುತ್ತಿದ್ದರು. ಆ ಮಗುವನ್ನು ಗಣತಿಯಲ್ಲಿ ತುಳು ಎಂದು ಬರೆದದ್ದೂ ಸರಿ, ಶಾಲೆಯ ದಾಖಲೆಯಲ್ಲಿ ಕನ್ನಡ ಮಾಧ್ಯಮ ಎಂದು ಬರೆದದ್ದೂ ಸರಿ. ಶಾಲೆಯ ಅಗತ್ಯವನ್ನು ಅಳೆಯಲು ಮೊದಲನೆಯ ಲೆಕ್ಕವನ್ನು ಬಳಸುವುದು ಮಾತ್ರ ತಪ್ಪು. ಇದಲ್ಲದೆ ಜಿಲ್ಲೆಯ ಸರಾಸರಿ ಎಂಬುದು ಚಂದ್ರಗಿರಿ ಹೊಳೆಯ ಉತ್ತರದ ಪಂಚಾಯತುಗಳನ್ನೂ ದಕ್ಷಿಣದ ಹೊಸದುರ್ಗ, ವೆಳ್ಳರಿಕುಂಡು ತಾಲೂಕುಗಳನ್ನೂ ಕಲಸಿ ಕೊಡುವ ಸಂಖ್ಯೆ. ಮಂಜೇಶ್ವರದ ಒಂದು ಕಚೇರಿಯಲ್ಲಿ ಯಾವ ಭಾಷೆಯ ನಮೂನೆ ಬೇಕು ಎಂಬುದಕ್ಕೆ ಅದು ಉತ್ತರವೇ ಅಲ್ಲ.

ಜನ ಹೇಳಿದ್ದು ಪ್ರಕಟವಾಗುವಷ್ಟರಲ್ಲಿ ಎಷ್ಟು ಜರಡಿ ಹಿಡಿಯಲ್ಪಡುತ್ತದೆ ಎಂಬುದನ್ನೂ ತಿಳಿದಿರಬೇಕು. 2011ರ ಜನಗಣತಿಯಲ್ಲಿ ಜನರು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಅವುಗಳನ್ನು ಪರಿಷ್ಕರಿಸಿ 1,369ಕ್ಕೆ ಇಳಿಸಿದರು. ಆಮೇಲೆ 10,000ಕ್ಕಿಂತ ಹೆಚ್ಚು ಮಂದಿ ಆಡುವವನ್ನು ಮಾತ್ರ ಹೆಸರಿಸಿ, ಒಂದನ್ನು ಇನ್ನೊಂದರಡಿ ಸೇರಿಸಿ, ಕೊನೆಗೆ 121 ಭಾಷೆಗಳ ಪಟ್ಟಿ ಮಾಡಿದರು. ನೀಲಗಿರಿಯ ಬಡಗ ಈ ಪಟ್ಟಿಯಲ್ಲಿ ಕನ್ನಡದ ಅಡಿಯಲ್ಲಿದೆ, ತುಳು ಪ್ರತ್ಯೇಕವಾಗಿದೆ. ಈ ವಿಂಗಡಣೆಗೆ ಭಾಷಾಶಾಸ್ತ್ರದ ಕಾರಣಗಳಿರಬಹುದು, ಆಡಳಿತದ ಅನುಕೂಲವೂ ಇರಬಹುದು. ಆದರೆ ಸಂಖ್ಯೆಯನ್ನು ಎತ್ತಿ ಆಡುವವನು ಅದರ ಹಿಂದಿನ ವಿಂಗಡಣೆಯನ್ನೂ ಜೊತೆಗೇ ಹೇಳಬೇಕು ಎಂಬುದು ದತ್ತಾಂಶದ ಜವಾಬ್ದಾರಿಯುತ ಬಳಕೆಯ ಮೊದಲ ಪಾಠ.

ಆದರೂ ಜನಗಣತಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಅಂಶವಿದೆ. 1948ರ ಜನಗಣತಿ ಕಾಯಿದೆಯ 15ನೆಯ ಕಲಂ ಪ್ರಕಾರ ಒಬ್ಬ ವ್ಯಕ್ತಿ ಕೊಟ್ಟ ಉತ್ತರವಿರುವ ಹಾಳೆಯನ್ನು ಬೇರಾರೂ ತೆರೆದು ನೋಡುವಂತಿಲ್ಲ, ಅದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ನಿಲ್ಲುವುದಿಲ್ಲ. ಆದರೆ ಕೋಟ್ಯಂತರ ಹಾಳೆಗಳನ್ನು ಕೂಡಿಸಿ ಬಂದ ಕೋಷ್ಟಕವನ್ನು ಯಾರು ಬೇಕಾದರೂ ನೋಡಬಹುದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷವೇ ಇಷ್ಟು ಸ್ಪಷ್ಟವಾಗಿ ಗೆರೆ ಎಳೆದಿಟ್ಟವರು ನಮ್ಮವರೇ. ಅನಂತರ ಬಂದ ಎಷ್ಟೋ ಯೋಜನೆಗಳ ಪಟ್ಟಿಗಳಿಗೆ ಇಂಥ ಗೆರೆಯೇ ಇಲ್ಲದಿರುವುದು ನೋವಿನ ವಿಷಯ.

ಎಂಡೋಸಲ್ಫಾನ್ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ದತ್ತಾಂಶದಿಂದ ಆಗುವ ಒಳಿತು ಕೆಡುಕು ಎರಡನ್ನೂ ನಮ್ಮ ಜಿಲ್ಲೆ ಕಂಡದ್ದು ಅಲ್ಲಿಯೇ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸುರಿಯಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ಮೋಹನಕುಮಾರ್ ತಮ್ಮ ಬಳಿಗೆ ಬರುವ ಕುಟುಂಬಗಳಲ್ಲಿ ಕಾಯಿಲೆಗಳು ಅಸಹಜವಾಗಿ ಕೂಡಿಬರುತ್ತಿರುವುದನ್ನು ಗಮನಿಸಿ ಬರೆದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಗಿನ ಲೋಕಕ್ಕೆ ಮುಟ್ಟಿಸಿದರು. ಒಬ್ಬ ಹಳ್ಳಿಯ ವೈದ್ಯರ ನೋಂದಣಿ ಪುಸ್ತಕ ಈ ಇಡೀ ಹೋರಾಟದ ಮೊದಲ ದತ್ತಾಂಶ ಎಂಬುದನ್ನು ನಾವು ಮರೆಯಬಾರದು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಈ ವಿಷದ ಅಂಶ ಹೆಚ್ಚಾಗಿದೆ ಎಂದಿತು. ತೋಟದವರ ಪರವಾಗಿ ಪರೀಕ್ಷೆ ನಡೆಸಿದ ಸಂಸ್ಥೆ ಹಾಗೇನೂ ಇಲ್ಲ ಎಂದಿತು. ಒಂದೇ ಊರು, ಒಂದೇ ಕಾಲ, ಎರಡು ಫಲಿತಾಂಶ. ಯಾರು ಹಣ ಕೊಟ್ಟು ಮಾಡಿಸಿದರು, ಮಾದರಿಯನ್ನು ಎಲ್ಲಿಂದ ಯಾವಾಗ ತೆಗೆದರು, ಹೇಗೆ ಪರೀಕ್ಷಿಸಿದರು ಎಂಬುದೆಲ್ಲ ತೆರೆದಿಲ್ಲದಿದ್ದರೆ ಅಂಥಲ್ಲಿ ನಿಜ ಯಾವುದು ಎಂದು ಹೇಳಲು ಜನಸಾಮಾನ್ಯರಿಗೆ ದಾರಿಯೇ ಇರುವುದಿಲ್ಲ.

ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಬಂತು. ಅವರ ಅಧ್ಯಯನದ ಒಂದು ಭಾಗ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಸಿಂಪಡಣೆ ನಡೆದ ಊರಿನ 117 ಹುಡುಗರನ್ನೂ ಸಿಂಪಡಣೆ ನಡೆಯದ ಊರಿನ 90 ಹುಡುಗರನ್ನೂ, 10ರಿಂದ 19 ವರ್ಷದವರನ್ನು, ಅವರು ಹೋಲಿಸಿ ನೋಡಿದ್ದರು. ಸಿಂಪಡಣೆಯಾದ ಊರಿನ ಹುಡುಗರಲ್ಲಿ ದೇಹದ ಪ್ರೌಢತೆ ತಡವಾಗಿರುವುದನ್ನೂ ಹಾರ್ಮೋನುಗಳ ಪ್ರಮಾಣದಲ್ಲಿ ವ್ಯತ್ಯಾಸವಿರುವುದನ್ನೂ ಪ್ರಬಂಧ ತೋರಿಸಿತು. ಹುಡುಗರ ಸಂಖ್ಯೆ ಕಡಿಮೆ, ಪರೀಕ್ಷೆಗೆ ಬಾರದೆ ಉಳಿದವರೂ ಇದ್ದರು, ಆದ್ದರಿಂದ ಈ ಅಧ್ಯಯನಕ್ಕೆ ಮಿತಿಯಿದೆ ಎಂದು ಲೇಖಕರೇ ಬರೆದುಕೊಂಡಿದ್ದಾರೆ. ಹದಿಹರೆಯದ ಹುಡುಗರ ಮೈಯನ್ನು ಪರೀಕ್ಷಿಸಿ ಪಡೆದ ಮಾಹಿತಿಗಿಂತ ಗುಟ್ಟಾದದ್ದು ಇನ್ನೇನಿದೆ? ಆದರೆ ಅದರಲ್ಲಿ ಒಬ್ಬ ಹುಡುಗನ ಹೆಸರೂ ಇಲ್ಲ, ಮನೆಯ ಗುರುತೂ ಇಲ್ಲ. ಇರುವುದು ಎರಡು ಊರುಗಳ ಸರಾಸರಿ. ಆ ಸರಾಸರಿಯೇ ಮುಂದೆ ಈ ಕೀಟನಾಶಕದ ವಿರುದ್ಧ ವಾದಿಸಿದವರ ಕೈಯಲ್ಲಿ ಬಲವಾದ ಆಧಾರವಾಯಿತು. 2011ರಲ್ಲಿ, ಬಹುಕಾಲ ಕರಗದೆ ಉಳಿಯುವ ವಿಷಗಳನ್ನು ತಡೆಯಲು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ಮಧ್ಯಂತರ ಆದೇಶದಿಂದ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು.

ಈ ಪ್ರಬಂಧದ ವಿಷಯದಲ್ಲಿ ನನಗಿರುವ ಬೇಸರ ಒಂದೇ. ರಕ್ತ ಕೊಟ್ಟವರು ಪಡ್ರೆಯವರು, ಫಲಿತಾಂಶ ಇರುವುದು ಇಂಗ್ಲಿಷಿನಲ್ಲಿ. ಅದನ್ನು ಹಣ ಕೊಡದೆ ಓದಬಹುದು ಎಂಬುದು ನಿಜವಾದರೂ, ಅಂದು ಪರೀಕ್ಷೆಗೆ ಸಾಲು ನಿಂತ ಹುಡುಗ ಇಂದು ಮಧ್ಯವಯಸ್ಕನಾಗಿ ತನ್ನ ಊರಿನ ಕುರಿತು ಏನು ಬರೆದಿದ್ದಾರೆಂದು ತಿಳಿಯಲು ಬೇರೊಬ್ಬರನ್ನು ಕೇಳಬೇಕಾಗಿ ಬಂದಿದೆ. ಊರಿನಿಂದ ಮಾಹಿತಿ ಪಡೆದವರು ಫಲಿತಾಂಶವನ್ನು ಆ ಊರಿನ ಭಾಷೆಯಲ್ಲಿ, ಎರಡು ಪುಟದಷ್ಟಾದರೂ, ಹಿಂದಿರುಗಿಸಬೇಕು. ಇದನ್ನು ನಾನು ಉಪಕಾರ ಎಂದು ಕೇಳುತ್ತಿಲ್ಲ, ಸಂಶೋಧನೆಯ ಕೆಲಸದ ಭಾಗವೆಂದೇ ಕೇಳುತ್ತಿದ್ದೇನೆ.

ಸಂತ್ರಸ್ತರ ಪಟ್ಟಿಯ ಕತೆ ಬೇರೆ. ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದ ಮೇಲೆ ಪಟ್ಟಿಯಲ್ಲಿ ಹೆಸರಿರುವುದೇ ಎಲ್ಲಕ್ಕೂ ಬಾಗಿಲಾಯಿತು. ಐದು ವರ್ಷ ಕಳೆದರೂ 3,700ಕ್ಕೂ ಹೆಚ್ಚು ಸಂತ್ರಸ್ತರಲ್ಲಿ 8 ಮಂದಿಗೆ ಮಾತ್ರ ಹಣ ಸಿಕ್ಕಿರುವುದನ್ನು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಎತ್ತಿ ತೋರಿಸಿ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಹಣ ತಡವಾಯಿತು, ಆದರೆ ಪಟ್ಟಿಗಳು ಹರಡಲು ತಡವಾಗಲಿಲ್ಲ. ವೈದ್ಯಕೀಯ ಶಿಬಿರವೊಂದಕ್ಕಾಗಿ ಸಿದ್ಧಪಡಿಸಿದ ಅಂಥ ಒಂದು ಪಟ್ಟಿ ನನ್ನ ಮೊಬೈಲಿಗೂ ಬಂದಿತ್ತು. ಕ್ರಮಸಂಖ್ಯೆ, ಹೆಸರು, ಮನೆಯ ಹೆಸರು, ತಂದೆ ಅಥವಾ ತಾಯಿಯ ಹೆಸರು, ವಾರ್ಡು, ಫೋನ್ ನಂಬರು, ಕೊನೆಯ ಅಂಕಣದಲ್ಲಿ ಕಾಯಿಲೆ. ಬುದ್ಧಿಮಾಂದ್ಯ, ಬಂಜೆತನ, ಅಪಸ್ಮಾರ ಎಂದೆಲ್ಲ ಒಂದರ ಕೆಳಗೊಂದು ಟೈಪ್ ಮಾಡಿದ್ದರು. ಅದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂಗಿಯ ಹೆಸರಿತ್ತು. ಕೆಲವು ದಿನಗಳ ಮೇಲೆ ಅವರ ತಾಯಿ ಪೇಟೆಯಲ್ಲಿ ಸಿಕ್ಕಿದಾಗ ತಾವಾಗಿಯೇ ಆ ಮಾತೆತ್ತಿದರು. "ಮಾಷ್ಟ್ರೇ, ಪಟ್ಟಿಯಲ್ಲಿ ಮಗಳ ಹೆಸರು ಇರಬೇಕು, ಇಲ್ಲದಿದ್ದರೆ ಪೆನ್ಶನ್ ನಿಲ್ಲುತ್ತದೆ. ಆದರೆ ಹೆಸರಿನ ಎದುರಿಗೆ ಬರೆದದ್ದನ್ನು ಊರೆಲ್ಲ ಓದಬೇಕೋ?" ಎಂದು ಕೇಳಿದರು. ಅವರ ಕಿರಿಯ ಮಗಳಿಗೆ ಆಗ ಮದುವೆಯ ಮಾತುಕತೆ ನಡೆಯುತ್ತಿತ್ತು.

ಆ ಪಟ್ಟಿ ಮಾಡಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಎಂದು ನಾನು ನಂಬುತ್ತೇನೆ. ಶಿಬಿರಕ್ಕೆ ಬರುವವರನ್ನು ಕರೆತರಲು ಕಾರ್ಯಕರ್ತರಿಗೆ ಹೆಸರು, ವಾರ್ಡು ಬೇಕಿತ್ತು. ವೈದ್ಯರಿಗೆ ಕಾಯಿಲೆಯ ವಿವರ ಬೇಕಿತ್ತು. ಗಾಡಿಯವನಿಗೆ ಫೋನ್ ನಂಬರು ಬೇಕಿತ್ತು. ಮೂವರಿಗೂ ಬೇಕಾದುದನ್ನು ಒಂದೇ ಹಾಳೆಯಲ್ಲಿ ಹಾಕಿ ಮೂವರಿಗೂ ಕಳುಹಿಸಿದ್ದರಿಂದ ತೊಂದರೆಯಾಯಿತು. ಸಂಶೋಧಕರು ಉದ್ದೇಶಕ್ಕೆ ತಕ್ಕಷ್ಟೇ ಮಾಹಿತಿ ಎಂದು ಹೇಳುವ ತತ್ತ್ವವನ್ನು ಪಾಲಿಸಲು ಇಲ್ಲಿ ದೊಡ್ಡ ತಂತ್ರಜ್ಞಾನವೇನೂ ಬೇಕಾಗಿರಲಿಲ್ಲ. ಮೂರು ಬೇರೆ ಹಾಳೆಗಳು ಸಾಕಿದ್ದವು, ಹೆಸರಿನ ಬದಲು ನೋಂದಣಿ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದಿತ್ತು.

ಹಾಗಾದರೆ ಎಲ್ಲ ಪಟ್ಟಿಗಳನ್ನೂ ಮುಚ್ಚಿಡಬೇಕೇ ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ರಾಜಸ್ಥಾನದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿಯ ಹಾಜರಿ ಪಟ್ಟಿಯನ್ನು ಜನರ ಮುಂದೆ ಗಟ್ಟಿಯಾಗಿ ಓದಿಸಿದಾಗ ಸತ್ತವರ ಹೆಸರಿನಲ್ಲಿ, ಊರಲ್ಲೇ ಇಲ್ಲದವರ ಹೆಸರಿನಲ್ಲಿ ಹಣ ಎತ್ತಿದ್ದು ಬಯಲಾಯಿತು. 2005ರ ಮಾಹಿತಿ ಹಕ್ಕು ಕಾಯಿದೆ ಹುಟ್ಟಿದ್ದು ಅಂಥ ಜನಸುನಾವಣೆಗಳ ಒತ್ತಡದಿಂದ. ನಮ್ಮ ಗ್ರಾಮಸಭೆಯಲ್ಲಿ ಫಲಾನುಭವಿಗಳ ಹೆಸರು ಓದುವುದೂ ಇದೇ ಕಾರಣಕ್ಕೆ. ಅದನ್ನು ನಿಲ್ಲಿಸಬೇಕೆಂದು ನಾನು ಎಂದೂ ಹೇಳುವುದಿಲ್ಲ. ಯಾರಿಗೆ ಮನೆ ಮಂಜೂರಾಯಿತು, ಎಷ್ಟು ಹಣ ಎಂಬುದು ಊರಿಗೆ ತಿಳಿಯಬೇಕು, ಏಕೆಂದರೆ ಅದು ಅಧಿಕಾರಿಯ ನಿರ್ಧಾರದ ಲೆಕ್ಕ. ಆ ಫಲಾನುಭವಿಯ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಗರ್ಭಾಶಯದ ಶಸ್ತ್ರಚಿಕಿತ್ಸೆ ಇವು ಆ ನಿರ್ಧಾರವನ್ನು ಪರಿಶೀಲಿಸಲು ಯಾರಿಗೂ ಬೇಕಾಗಿಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ 2017ರ ಮೇ ತಿಂಗಳಲ್ಲಿ ನಾಲ್ಕು ಸರಕಾರಿ ಜಾಲತಾಣಗಳನ್ನು ಪರಿಶೀಲಿಸಿ, ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಯಾರ ಕಣ್ಣಿಗೂ ಬೀಳುವಂತಿವೆ ಎಂದು ವರದಿ ಮಾಡಿತ್ತು. ಆ ನಾಲ್ಕರಲ್ಲಿ ಎರಡು ದೇಶದ ಪಿಂಚಣಿ ಮತ್ತು ಉದ್ಯೋಗ ಖಾತರಿ ಯೋಜನೆಗಳವು, ಎರಡು ಆಂಧ್ರಪ್ರದೇಶದವು. ಪಾರದರ್ಶಕತೆಯ ಹೆಸರಿನಲ್ಲಿ ಬಡವರ ಜೇಬಿನ ವಿವರವನ್ನು ಬೀದಿಗಿಟ್ಟಂತಾಗಿತ್ತು.

ಇದಕ್ಕೆ ವಿರುದ್ಧವಾದ ಅಪಾಯವೂ ಈಗ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 44ನೆಯ ಕಲಂ ಮಾಹಿತಿ ಹಕ್ಕು ಕಾಯಿದೆಯ 8(1)(ಜೆ) ಉಪಕಲಮನ್ನು ತಿದ್ದಿದೆ. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿ ಬದುಕಿಗೆ ಅನಗತ್ಯ ಆಕ್ರಮಣವಾಗುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು, ದೊಡ್ಡ ಸಾರ್ವಜನಿಕ ಹಿತವಿದ್ದರೆ ಅದನ್ನೂ ಕೊಡಬೇಕಿತ್ತು. ತಿದ್ದುಪಡಿಯ ನಂತರ ಅಲ್ಲಿ ಉಳಿದಿರುವುದು ವೈಯಕ್ತಿಕ ಮಾಹಿತಿ ಎಂಬಷ್ಟೇ, ಅಂದರೆ ವೈಯಕ್ತಿಕ ಎಂಬ ಒಂದೇ ಕಾರಣಕ್ಕೆ ನಿರಾಕರಿಸಬಹುದು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದಾಗ ಈ ತಿದ್ದುಪಡಿಯೂ ಜಾರಿಗೆ ಬಂದಿದೆ. 8(2)ನೆಯ ಉಪಕಲಂ ಪ್ರಕಾರ ಸಾರ್ವಜನಿಕ ಹಿತ ಹೆಚ್ಚೆಂದು ಕಂಡರೆ ಮಾಹಿತಿ ಕೊಡಬಹುದೆಂಬ ದಾರಿ ಇನ್ನೂ ಉಳಿದಿದೆ, ಅರ್ಜಿ ಹಾಕುವವರು ಅದನ್ನು ಹೆಸರೆತ್ತಿ ಬರೆಯಬೇಕು. ಒಬ್ಬ ತಾಯಿಯ ಗೌರವವನ್ನು ಕಾಪಾಡಬೇಕಾದ ಕಾನೂನನ್ನು ಒಬ್ಬ ಅಧಿಕಾರಿಯ ಲೆಕ್ಕ ಮುಚ್ಚಲು ಬಳಸಿದರೆ ಅದು ಕಾನೂನಿನ ದುರುಪಯೋಗವೇ ಸರಿ.

ಹೆಸರು ತೆಗೆದರೆ ಸಾಕು, ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಸುಳ್ಳೆಂದು ಅಮೆರಿಕದ ಲಟಾನ್ಯ ಸ್ವೀನಿ 1990ರ ದಶಕದಲ್ಲೇ ತೋರಿಸಿದರು. ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧನೆಗೆ ಕೊಟ್ಟಿತ್ತು. ವಿದ್ಯಾರ್ಥಿನಿಯಾಗಿದ್ದ ಸ್ವೀನಿ 20 ಡಾಲರಿಗೆ ಒಂದು ಊರಿನ ಮತದಾರರ ಪಟ್ಟಿ ಕೊಂಡು, ಹುಟ್ಟಿದ ದಿನ, ಲಿಂಗ, ಅಂಚೆ ಸಂಖ್ಯೆ ಈ ಮೂರನ್ನು ಹೊಂದಿಸಿ, ರಾಜ್ಯಪಾಲರಾಗಿದ್ದ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಗುರುತಿಸಿಬಿಟ್ಟರು. ನಗರದಲ್ಲೇ ಹೀಗಾದರೆ ನಮ್ಮ ವಾರ್ಡುಗಳಲ್ಲಿ ಏನಾದೀತು? ಕೊರಗ ಸಮುದಾಯವನ್ನು ತೆಗೆದುಕೊಳ್ಳಿ. ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳಲ್ಲಿ ಒಂದಾದ ಈ ಸಮುದಾಯದವರು ಕೇರಳದಲ್ಲಿ ಇರುವುದು ಹೆಚ್ಚಾಗಿ ನಮ್ಮ ಜಿಲ್ಲೆಯ ಉತ್ತರ ಭಾಗದಲ್ಲಿ, ಅದೂ ಬಹಳ ಕಡಿಮೆ ಸಂಖ್ಯೆಯಲ್ಲಿ. ಒಂದು ಶಾಲೆಯ ಎಂಟನೆಯ ತರಗತಿ, ಕೊರಗ, ಹುಡುಗಿ, ಕ್ಷಯರೋಗ ಎಂದು ಕೋಷ್ಟಕದಲ್ಲಿ ಒಂದು ಅಂಕಿ ಬಂದರೆ ಅಲ್ಲಿಗೆ ಹೆಸರು ಬರೆದಂತೆಯೇ ಆಯಿತು.

ಇದಕ್ಕೆ ಅಂಕಿಅಂಶದವರು ಕಂಡುಕೊಂಡ ಸರಳ ಉಪಾಯವೆಂದರೆ ಸಣ್ಣ ಸಂಖ್ಯೆಯನ್ನು ಪ್ರಕಟಿಸದಿರುವುದು. ಅಮೆರಿಕದಲ್ಲಿ ಮುಖ್ಯವಾಗಿ ವೃದ್ಧರಿಗಿರುವ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ದತ್ತಾಂಶದಲ್ಲಿ ಸಂಖ್ಯೆ 10 ಅಥವಾ ಅದಕ್ಕಿಂತ ಕಡಿಮೆ ಇರುವ ಕೋಷ್ಟಕದ ಚೌಕಗಳನ್ನು ಖಾಲಿ ಬಿಡುತ್ತಾರೆ. ಆದರೆ ಇಲ್ಲಿ ಗಣಿತದವನಾಗಿ ಒಂದು ಎಚ್ಚರಿಕೆ ಹೇಳಬೇಕು. ಒಂದು ಪಂಚಾಯತಿನಲ್ಲಿ ಒಟ್ಟು ರೋಗಿಗಳು 34 ಎಂದಿರಲಿ. ಮೂರು ವಾರ್ಡುಗಳಲ್ಲಿ ಮೊದಲನೆಯದು 18, ಎರಡನೆಯದು 14, ಮೂರನೆಯದನ್ನು ಮಾತ್ರ ಮುಚ್ಚಿದ್ದಾರೆ ಎಂದಿರಲಿ. ಮೂರನೆಯ ವಾರ್ಡಿನಲ್ಲಿ ಇಬ್ಬರು ಎಂದು ಐದನೆಯ ತರಗತಿಯ ಮಗುವೂ ಕಳೆದು ಹೇಳುತ್ತದೆ. ಆದ್ದರಿಂದ ಒಂದನ್ನು ಮುಚ್ಚುವಾಗ ಇನ್ನೊಂದನ್ನೂ ಮುಚ್ಚಬೇಕು, ಇಲ್ಲವೇ ಎರಡು ವಾರ್ಡುಗಳನ್ನು ಕೂಡಿಸಿ ಒಂದೇ ಸಂಖ್ಯೆ ಕೊಡಬೇಕು. ಪಂಚಾಯತ್ ಕಚೇರಿಗಳಲ್ಲಿ ಕೋಷ್ಟಕ ತಯಾರಿಸುವವರಿಗೆ ಅರ್ಧ ದಿನದ ತರಬೇತಿಯಲ್ಲಿ ಕಲಿಸಬಹುದಾದ ವಿಷಯವಿದು.

ಗುಂಪಿಗೆ ಆಗುವ ಹಾನಿಗೆ ಮಾತ್ರ ಇಂಥ ಉಪಾಯ ಸಾಲದು. ಅಮೆರಿಕದ ಅರಿಜೋನಾದ ಹವಾಸುಪಾಯಿ ಬುಡಕಟ್ಟಿನವರು 1990ರ ಸುಮಾರಿಗೆ ಮಧುಮೇಹದ ಸಂಶೋಧನೆಗೆಂದು ವಿಶ್ವವಿದ್ಯಾಲಯಕ್ಕೆ ರಕ್ತ ಕೊಟ್ಟಿದ್ದರು. ಆ ರಕ್ತವನ್ನು ಅವರಿಗೆ ಹೇಳದೆ ಮಾನಸಿಕ ಕಾಯಿಲೆ, ಒಳಸಂಬಂಧದ ಮದುವೆ, ಪೂರ್ವಜರ ವಲಸೆ ಇವುಗಳ ಅಧ್ಯಯನಕ್ಕೂ ಬಳಸಿದರು. 2010ರಲ್ಲಿ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ಮಾದರಿಗಳನ್ನು ಹಿಂದಿರುಗಿಸಿ ರಾಜಿಯಾಗಬೇಕಾಯಿತು. ಯಾರ ಹೆಸರೂ ಹೊರಬಂದಿರಲಿಲ್ಲ, ಆದರೂ ಇಡೀ ಸಮುದಾಯಕ್ಕೆ ನೋವಾಯಿತು. ಇಂಥ ಅನುಭವಗಳ ಹಿನ್ನೆಲೆಯಲ್ಲಿ 2019ರಲ್ಲಿ ಮೂಲನಿವಾಸಿಗಳ ದತ್ತಾಂಶ ಒಕ್ಕೂಟ ಕೇರ್ ಎಂಬ ತತ್ತ್ವಗಳನ್ನು ಮುಂದಿಟ್ಟಿತು: ಸಮುದಾಯದ ಒಳಿತು, ಸಮುದಾಯದ ಅಧಿಕಾರ, ಹೊಣೆ, ನೀತಿ. ಪಡ್ರೆ, ಸ್ವರ್ಗ ಎಂಬ ನಮ್ಮ ಊರುಗಳ ಹೆಸರುಗಳು ಪತ್ರಿಕೆಗಳಲ್ಲಿ ಕಾಯಿಲೆಯ ಜೊತೆಗೇ ಬಂದು ಬಂದು ಅಲ್ಲಿಯ ಹುಡುಗ ಹುಡುಗಿಯರ ಸಂಬಂಧ ಕೂಡಿಸುವುದು ಕಷ್ಟವಾದದ್ದು ನಮಗೆಲ್ಲ ಗೊತ್ತು. ಊರಿನ ಹೆಸರು ಹೊರಬಾರದೆ ನ್ಯಾಯ ಸಿಗುತ್ತಿರಲಿಲ್ಲ ಎಂದೇ ನಾನು ಇಂದಿಗೂ ತಿಳಿದಿದ್ದೇನೆ. ಆದರೆ ಆ ನಿರ್ಧಾರದಲ್ಲಿ ಊರಿನವರ ಮಾತಿಗೆ ಮೊದಲ ಜಾಗ ಇರಬೇಕಿತ್ತು.

ಒಪ್ಪಿಗೆಯ ವಿಚಾರದಲ್ಲಿ ಕೊರೊನಾ ಕಾಲ ಕಣ್ಣು ತೆರೆಸಿತು. 2020ರ ಮಾರ್ಚಿನಲ್ಲಿ ಕಾಸರಗೋಡು ದೇಶದ ಗಮನ ಸೆಳೆದ ಸೋಂಕಿನ ತಾಣವಾಗಿತ್ತು, ತಲಪಾಡಿಯಲ್ಲಿ ದಾರಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳು ನಮಗೆ ಎಟುಕದಾಗಿದ್ದವು. ಆಚೆಯ ಕರ್ನಾಟಕದಲ್ಲಿ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ಸರಕಾರವೇ ಪ್ರಕಟಿಸಿತು. ಈಚೆಯ ಕೇರಳದಲ್ಲಿ ಜನರ ಆರೋಗ್ಯ ಮಾಹಿತಿಯನ್ನು ಅಮೆರಿಕದ ಸ್ಪ್ರಿಂಕ್ಲರ್ ಕಂಪೆನಿಯ ವ್ಯವಸ್ಥೆಗೆ ಸೇರಿಸಿದ್ದು ವಿವಾದವಾಗಿ, ಹೈಕೋರ್ಟು ಏಪ್ರಿಲ್ 24ರಂದು ಮಧ್ಯಂತರ ಆದೇಶ ಕೊಟ್ಟಿತು: ವ್ಯಕ್ತಿಯ ಗುರುತು ಸಿಗದಂತೆ ಮಾಡಿದ ಮೇಲೆ ಮಾತ್ರ ಮಾಹಿತಿಯನ್ನು ಕೊಡಬೇಕು, ಮೂರನೆಯವರ ಕೈಗೆ ಹೋಗಬಹುದೆಂದು ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ತುರ್ತು ಕಾಲದಲ್ಲೂ ಈ ಎರಡು ಮಾತು ಮೀರಬಾರದು ಎಂಬುದನ್ನು ನಮ್ಮ ರಾಜ್ಯದ ನ್ಯಾಯಾಲಯವೇ ಹೇಳಿದೆ.

ಆದರೆ ಒಪ್ಪಿಗೆ ಯಾವ ಭಾಷೆಯಲ್ಲಿ? ಕೇರಳದ ಆನ್‌ಲೈನ್ ಸೇವಾ ಕೇಂದ್ರವಾದ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಲು ನಿಂತ ವಯಸ್ಸಾದವರನ್ನು ಗಮನಿಸಿ ನೋಡಿ. ಪರದೆಯ ಮೇಲೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ನಾಲ್ಕು ಸಾಲು ಬರುತ್ತದೆ, ಮೇಜಿನ ಆ ಬದಿಯಲ್ಲಿರುವ ಹುಡುಗಿ ಚೌಕದೊಳಗೆ ಒಂದು ಗುರುತು ಹಾಕುತ್ತಾಳೆ, ಈ ಬದಿಯಲ್ಲಿರುವವರು ಒಟಿಪಿ ಹೇಳುತ್ತಾರೆ, ಒಪ್ಪಿಗೆ ಆಗಿಹೋಯಿತು. ಆ ಹುಡುಗಿಯ ಹಿಂದೆ ಇನ್ನೂ ಇಪ್ಪತ್ತು ಜನರ ಸಾಲಿದೆ, ಅವಳನ್ನು ದೂರಿ ಫಲವಿಲ್ಲ. 2023ರ ಕಾಯಿದೆಯ 5(3)ನೆಯ ಉಪಕಲಂ ಪ್ರಕಾರ, ಒಪ್ಪಿಗೆ ಕೇಳುವಾಗ ಕೊಡುವ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಮಗಿರಬೇಕು. ಕನ್ನಡ ಆ ಪರಿಚ್ಛೇದದಲ್ಲಿದೆ, ಕೊಂಕಣಿ ಇದೆ, ಮರಾಠಿ ಇದೆ, ತುಳು ಇಲ್ಲ. ಸಬ್ಸಿಡಿ, ಪ್ರಮಾಣಪತ್ರಗಳಂಥ ಸೇವೆಗಳಿಗೆ ಸರಕಾರ ಮಾಹಿತಿ ಬಳಸುವುದನ್ನು 7ನೆಯ ಕಲಂ ಬೇರೆಯಾಗಿ, ಸಡಿಲವಾಗಿ ನೋಡುತ್ತದೆ. ಆದರೆ ಗಡಿನಾಡಿನಲ್ಲಿ ಆ ಸೇವೆಗಳಿಗೂ ಕನ್ನಡದಲ್ಲಿ ತಿಳಿವಳಿಕೆ ಕೊಡುವುದಕ್ಕೆ ಕಾನೂನು ಅಡ್ಡಿಯೇನೂ ಆಗಿಲ್ಲ. ಪೂರ್ಣವಾಗಿ ಜಾರಿಗೆ ಬರಲು ಕಾಯಿದೆಯ ಮುಖ್ಯ ಭಾಗಗಳಿಗೆ ನಿಯಮಗಳು ಪ್ರಕಟವಾದಂದಿನಿಂದ 18 ತಿಂಗಳ ಕಾಲಾವಕಾಶವಿದೆ, ನಮೂನೆಗಳು ತಯಾರಾಗುವ ಈ ಕಾಲದಲ್ಲೇ ನಾವು ಕೇಳಬೇಕು.

ನಾನು ಈಗ ಎರಡು ಅರ್ಜಿಗಳನ್ನು ಬರೆದಿಟ್ಟಿದ್ದೇನೆ. ಒಂದು ಶಿಕ್ಷಣ ಇಲಾಖೆಗೆ: ಆರನೆಯ ಕೆಲಸದ ದಿನದ ಎಣಿಕೆಯನ್ನು ಶಾಲೆವಾರು, ಮಾಧ್ಯಮವಾರು, ಹಿಂದಿನ ಹತ್ತು ವರ್ಷಗಳಿಗೆ, ಯಾವ ಮಗುವಿನ ಹೆಸರೂ ಇಲ್ಲದೆ, ಪ್ರಕಟಿಸಬೇಕೆಂದು ಅದರಲ್ಲಿ ಕೇಳಿದ್ದೇನೆ. ಮಾಹಿತಿ ಹಕ್ಕು ಕಾಯಿದೆಯ 4(4)ನೆಯ ಉಪಕಲಂ ತಾನಾಗಿ ಪ್ರಕಟಿಸಬೇಕಾದ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಕೊಡಬೇಕೆನ್ನುವುದನ್ನೂ ಉಲ್ಲೇಖಿಸಿದ್ದೇನೆ. ಇನ್ನೊಂದು ಅರ್ಜಿ ನಮ್ಮ ಪಂಚಾಯತಿಗೆ: ಗ್ರಾಮಸಭೆಗೆ ತರುವ ಮತ್ತು ಫಲಕದಲ್ಲಿ ಹಚ್ಚುವ ಪಟ್ಟಿಗಳಿಂದ ಕಾಯಿಲೆ, ಫೋನ್ ನಂಬರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಈ ನಾಲ್ಕು ಅಂಕಣಗಳನ್ನು ತೆಗೆಯಬೇಕು, ಹೆಸರು ಮತ್ತು ಮಂಜೂರಾದ ಮೊತ್ತ ಹಾಗೆಯೇ ಇರಲಿ ಎಂದು. ಮುಂದಿನ ಜನಗಣತಿಯ ಎಣಿಕೆ 2027ರ ಫೆಬ್ರವರಿಯಲ್ಲಿ, ಈ ಬಾರಿ ಮೊಬೈಲಿನಲ್ಲಿ ನಡೆಯಲಿದೆ. ಗಣತಿಯವರು ಬಂದಾಗ ಮಾತೃಭಾಷೆ ತುಳುವಾಗಿದ್ದರೆ ತುಳು ಎಂದೇ ಬರೆಸಬೇಕು. ಅದರ ಮುಂದೆ ಬಲ್ಲ ಬೇರೆ ಭಾಷೆಗಳ ಪ್ರಶ್ನೆಯೂ ಜನಗಣತಿಯಲ್ಲಿ ಇರುತ್ತ ಬಂದಿದೆ, ಅಲ್ಲಿ ಕನ್ನಡವನ್ನು ಬರೆಸಲು ಮರೆಯಬಾರದು, ಅವರು ಕೇಳದಿದ್ದರೆ ನಾವೇ ನೆನಪಿಸಬೇಕು. ಎರಡೂ ಅರ್ಜಿಗಳ ಕರಡನ್ನು ಬೇಕಾದವರು ಪಡೆದು, ತಮ್ಮ ಪಂಚಾಯತಿನ ಹೆಸರು ಹಾಕಿ ಬಳಸಿಕೊಳ್ಳಬಹುದು.